ಸೊನ್ನೆ ಬೇರೆ, ಗೊತ್ತಿಲ್ಲ ಬೇರೆ

(ಶಿವಮೊಗ್ಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಕಾಲೇಜು ಹುಡುಗ ಹುಡುಗಿಯರು ಮತ್ತು ಊರಲ್ಲೇ ಕೂತು ಕೆಲಸ ಮಾಡುವ ಕೆಲವು ಪ್ರೋಗ್ರಾಮರ್‌ಗಳ ಎದುರು ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಲೆ ತಗಡಿನ ಮಾಡು, ಹೊರಗೆ ಆಷಾಢದ ಮಳೆ. ಕೇಳಿಸದಿದ್ದರೆ ಕೈ ಎತ್ತಿ, ಗಟ್ಟಿಯಾಗಿ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ಸಿ ಅಥವಾ ಸಿ ಪ್ಲಸ್ ಪ್ಲಸ್ ಬರೆದವರು ಎಷ್ಟು ಜನ? ಬಹಳ ಜನ ಇದ್ದೀರಿ. 'ಮೇ ಬಿ ಯೂಸ್ಡ್ ಅನ್‌ಇನಿಶಿಯಲೈಸ್ಡ್' ಅನ್ನೋ ವಾರ್ನಿಂಗ್, ಅಂದರೆ ವೇರಿಯಬಲ್‌ಗೆ ಬೆಲೆ ಕೊಡದೆಯೇ ಬಳಸುತ್ತಿರಬಹುದು ಅಂತ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಕೊಡುವ ಎಚ್ಚರಿಕೆ, ನೋಡಿದವರು? ಸರಿ. ಅದು ಬಂದಾಗ ವೇರಿಯಬಲ್ ಮುಂದೆ ಸುಮ್ನೆ 'ಈಕ್ವಲ್ ಟು ಸೊನ್ನೆ' ಅಂತ ಹಾಕಿ ಮುಂದೆ ಹೋದವರು?

ಎಲ್ಲಾ ಕೈ ಮೇಲಿದೆ. ನನ್ನದೂ ಇದೆ, ನೋಡಿ. ಇವತ್ತಿನ ಮಾತು ಪೂರ್ತಿ ಆ ಒಂದು ಸೊನ್ನೆಯ ಬಗ್ಗೆ.

ನಮ್ಮ ಮಾವನ ಅಡಿಕೆ ತೋಟ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿದೆ. ಮಾವ ಇರುವುದು ಶಿವಮೊಗ್ಗ ಪೇಟೆಯಲ್ಲಿ. ಇಲ್ಲಿ ಬಿಸಿಲು ಬಿದ್ದಿರುವಾಗಲೇ ಅಲ್ಲಿ ಜಡಿಮಳೆ ಹಿಡಿದಿರುತ್ತದೆ, ನಿಮಗೇ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕಾದರೆ ಹೊಳವು, ಅಂದರೆ ಮಳೆ ಬಿಡುವುದನ್ನು, ಕಾಯಬೇಕು. ಮಳೆಗಾಲ ಶುರುವಾಗುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಎರಡನೇದು ಬರುವುದು ಸರಿಯಾಗಿ ನಟ್ಟನಡು ಮಳೆಗಾಲದಲ್ಲಿ. ದಿನಾ ಬೆಳಿಗ್ಗೆ ತೋಟಕ್ಕೆ ಫೋನ್ ಮಾಡಿ 'ಮಳೆ ಹೇಗಿದೆ' ಅಂತ ಕೇಳಿ ಕೇಳಿ ಮಾವನಿಗೆ ಸಾಕಾಗಿತ್ತು. ನಾನು ಒಂದು ಮಳೆ ಮಾಪಕ ಮಾಡಿಕೊಟ್ಟೆ.

ಮಾಪಕ ಸರಳ. ಕೊಳವೆಯ ಕೆಳಗೆ ಏತದ ಹಾಗೆ ಆಡುವ ಒಂದು ಪುಟ್ಟ ಬಟ್ಟಲು. ತುಂಬಿದರೆ ಬಗ್ಗಿ ಚೆಲ್ಲುತ್ತದೆ. ಒಂದು ಸಲ ಬಗ್ಗಿದರೆ 0.2 ಮಿಲಿಮೀಟರ್ ಮಳೆ. ಎಷ್ಟು ಸಲ ಬಗ್ಗಿತು ಅಂತ ಎಣಿಸಲು ಆರ್ಡುಯಿನೋ ಅನ್ನುವ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು, ಅದಕ್ಕೆ ಬ್ಯಾಟರಿ, ಬ್ಯಾಟರಿಗೆ ಅಂಗೈ ಅಗಲದ ಸೋಲಾರ್ ಪ್ಲೇಟು. ಗಂಟೆಗೊಮ್ಮೆ ಅದು ತೋಟದ ಮನೆಗೆ ರೇಡಿಯೋದಲ್ಲಿ ಒಂದು ಪ್ಯಾಕೆಟ್ ಕಳಿಸುತ್ತದೆ. ಮನೆಯಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಕೂತಿದೆ. ಅದರಲ್ಲಿ ನಾನು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮ್. ನೆಟ್‌ವರ್ಕ್ ಸಿಕ್ಕಾಗ ಲೆಕ್ಕ ಮಾವನ ಫೋನಿಗೆ ಬರುತ್ತದೆ.

ಆ ಪ್ರೋಗ್ರಾಮಿನ ಹೊಟ್ಟೆ ಹೀಗಿತ್ತು:

ಮಳೆ ಅಂತ ಒಂದು ವೇರಿಯಬಲ್, ಬೆಲೆ ಕೊಟ್ಟಿಲ್ಲ
ಪ್ಯಾಕೆಟ್ ಬಂದಿದ್ದರೆ: ಮಳೆ = ಎಣಿಕೆ × 0.2
ಗಡಿಯಾರ ಸರಿಮಾಡು
ಪ್ಯಾಕೆಟ್ ಬಂದಿದ್ದರೆ: ಮಳೆಯನ್ನು ಕಡತಕ್ಕೆ ಬರೆ

ನಾನು ಬಳಸುವ ಕಂಪೈಲರ್ ಜಿಸಿಸಿ ಹೇಳಿತು, ಕೊನೆಯ ಸಾಲಿನಲ್ಲಿ 'ಮಳೆ'ಗೆ ಬೆಲೆ ಇಲ್ಲದೇ ಇರಬಹುದು. ನಾನು ನಕ್ಕೆ. ಮೇಲೆ ಕೇಳಿದ್ದೂ ಅದೇ ಪ್ರಶ್ನೆ, ಕೆಳಗೆ ಕೇಳಿದ್ದೂ ಅದೇ ಪ್ರಶ್ನೆ. ಪ್ಯಾಕೆಟ್ ಬಂದಿದ್ದರೆ ತಾನೇ ಬರೆಯುವುದು? ಬಂದಿದ್ದರೆ ಬೆಲೆ ಸಿಕ್ಕೇ ಇರುತ್ತದಲ್ವಾ? ದಡ್ಡ ಕಂಪೈಲರ್ ಅಂದುಕೊಂಡೆ. 'ಮಳೆ = 0' ಅಂತ ಹಾಕಿದೆ. ವಾರ್ನಿಂಗ್ ಮಾಯ. ಒಂದು ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು.

ಮರುವರ್ಷ ಜೂನ್‌ನಲ್ಲಿ ಒಂದು ಬದಲಾವಣೆ ಮಾಡಿದೆ. ಬ್ಯಾಟರಿ ಇಳಿದರೆ ತೋಟದ ಆರ್ಡುಯಿನೋ ಮಳೆಯ ಲೆಕ್ಕ ಕಳಿಸುವ ಬದಲು 'ಬ್ಯಾಟರಿ ಕಡಿಮೆ' ಅಂತ ಒಂದು ಚಿಕ್ಕ ಪ್ಯಾಕೆಟ್ ಕಳಿಸಿ ಮಲಗಬೇಕು. ಈ ಕಡೆ ಪೈನಲ್ಲಿ ಮೊದಲ ಷರತ್ತನ್ನು ತಿದ್ದಿದೆ. ಪ್ಯಾಕೆಟ್ ಬಂದಿದ್ದು, ಅದು ಮಳೆಯದಾದರೆ ಮಾತ್ರ ಮಳೆ ಲೆಕ್ಕ ಮಾಡು. ಬ್ಯಾಟರಿಯದಾದರೆ ಬೇರೆ ಕೆಲಸ. ಕೆಳಗಿನ ಷರತ್ತನ್ನು ತಿದ್ದಲು ಮರೆತೆ. ಅದು ಈಗಲೂ 'ಪ್ಯಾಕೆಟ್ ಬಂದಿದ್ದರೆ ಬರೆ' ಅಂತಲೇ ಇತ್ತು.

ಈಗ ಆ ವಾರ್ನಿಂಗ್ ನೂರಕ್ಕೆ ನೂರು ನಿಜ. ಆದರೆ ಹೇಳುವವರಿಲ್ಲ. ಹೋದ ವರ್ಷವೇ ನಾನು ಅದರ ಬಾಯಿಗೆ ಸೊನ್ನೆ ತುರುಕಿದ್ದೆನಲ್ಲ.

ಬ್ಯಾಟರಿ ಇಳಿಯುವುದು ಯಾವಾಗ ಹೇಳಿ? ಬಿಸಿಲು ಬಾರದಿದ್ದಾಗ. ಬಿಸಿಲು ಬಾರದಿರುವುದು ಮಳೆ ಹಿಡಿದಾಗ. ಅಂದರೆ ಮಳೆ ಜೋರಾದಷ್ಟೂ ನನ್ನ ಮಾಪಕ ಸೊನ್ನೆ ಬರೆಯುತ್ತಿತ್ತು. ಇದಕ್ಕಿಂತ ಚೆನ್ನಾಗಿ ತಪ್ಪು ಮಾಡಬೇಕೆಂದರೂ ಆಗುತ್ತಿರಲಿಲ್ಲ.

ಜುಲೈನ ಒಂದು ಬೆಳಿಗ್ಗೆ ಮಾವ ಫೋನ್ ನೋಡುತ್ತಾರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಸಾಲಾಗಿ ಸೊನ್ನೆ. ಖುಷಿಯಾಗಿ ತೋಟದಲ್ಲಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಫೋನ್ ಹಾಕಿದರು. 'ಹೊಳವಾಗಿದೆ, ಮೈಲುತುತ್ತ ಸುಣ್ಣ ಕಲಸು, ನಾನು ಈಗಲೇ ಹೊರಟೆ' ಅಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೊನೆಗಾರ ಕೇಳಿದ್ದು, 'ಅಯ್ಯಾ, ನೀವು ಯಾವ ತೋಟದ ವಿಷಯ ಹೇಳ್ತಿರೋದು?' ಫೋನಿನಲ್ಲೇ ಮಳೆಯ ಸದ್ದು ಕೇಳುತ್ತಿತ್ತಂತೆ. ಬೋರ್ಡೋ ಕಲಸಿದ ದಿನವೇ ಹೊಡೆದು ಮುಗಿಸಬೇಕು. ಪುಣ್ಯಕ್ಕೆ ಕಲಸಿರಲಿಲ್ಲ.

ಇದೇ ತಪ್ಪು ಜನವರಿಯಲ್ಲಿ ಆಗಿದ್ದರೆ? ಜನವರಿಯಲ್ಲಿ ಸೊನ್ನೆ ನೋಡಿ ಯಾರು ಅನುಮಾನ ಪಡುತ್ತಾರೆ?

ಮಾವನ ಅಪ್ಪ ಹಳೆ ಕಾಲದಲ್ಲಿ ಗಾಜಿನ ಅಳತೆಪಾತ್ರೆ ಇಟ್ಟುಕೊಂಡು ಮಳೆ ಬರೆದಿಡುತ್ತಿದ್ದರು. ಆ ಪುಸ್ತಕ ಈಗಲೂ ಇದೆ. ಈ ಘಟನೆಯ ಮೇಲೆ ಮಾವ ಅದನ್ನು ತೆಗೆದು ನನ್ನ ಮುಂದೆ ಇಟ್ಟರು. ಮಳೆ ಬಾರದ ದಿನಕ್ಕೆ ಸೊನ್ನೆ. ಮದುವೆಗೋ ತಿಥಿಗೋ ಊರಿಗೆ ಹೋಗಿ ಅಳೆಯದ ದಿನಕ್ಕೆ ಒಂದು ಅಡ್ಡಗೆರೆ. ಇಷ್ಟು ಸಣ್ಣ ವಿಷಯ. ನಾನು ಹಾಕಿದ ಸೊನ್ನೆ ಆ ಅಡ್ಡಗೆರೆಯನ್ನು ಅಳಿಸಿಹಾಕಿತ್ತು.

ಈಗ ಕಂಪೈಲರ್ ಕಡೆಯ ಮಾತು ಕೇಳೋಣ. ಮೊದಲ ವರ್ಷ ಅದು ಯಾಕೆ ಸುಳ್ಳು ಹೇಳಿತು?

ಬಸ್ಸಿನ ಲೆಕ್ಕದಲ್ಲಿ ಹೇಳುತ್ತೇನೆ. ಶಿವಮೊಗ್ಗಕ್ಕೆ ಎರಡು ದಾರಿಯಿಂದ ಜನ ಬರುತ್ತಾರೆ ಅಂದುಕೊಳ್ಳಿ. ಸಾಗರದವರು ಆನಂದಪುರ, ಆಯನೂರು ಮೇಲೆ. ತೀರ್ಥಹಳ್ಳಿಯವರು ಮಂಡಗದ್ದೆ, ಗಾಜನೂರು ಮೇಲೆ. ಆಯನೂರಿನಲ್ಲಿ ಒಂದು ಚೀಟಿ ಕೊಡುತ್ತಾರೆ, ಗಾಜನೂರಿನಲ್ಲಿ ಕೊಡುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಸೇರಿದ ಮೇಲೆ 'ಸಾಗರದಿಂದ ಬಂದವರು ಚೀಟಿ ತೋರಿಸಿ' ಅನ್ನುತ್ತಾರೆ. ನಮಗೆ ಇದರಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಕಂಪೈಲರ್‌ಗೆ ಮೊದಲು ಕಾಣುವುದು ಎರಡು ದಾರಿ ಸೇರುವ ಜಾಗ. ಒಂದು ದಾರಿಯಲ್ಲಿ ಚೀಟಿ ಇದೆ, ಇನ್ನೊಂದರಲ್ಲಿ ಇಲ್ಲ. ಜಿಸಿಸಿ ಒಳಗೆ ಇಂಥ ಜಾಗಕ್ಕೆ ಫೈ ನೋಡ್ ಅಂತ ಹೆಸರು. ಆಮೇಲೆ ಅದು ಯೋಚಿಸುತ್ತದೆ. ಚೀಟಿ ಕೇಳುವ ಷರತ್ತೂ ಚೀಟಿ ಕೊಟ್ಟ ಷರತ್ತೂ ಒಂದೇನಾ? ಒಂದೇ ಅಂತ ತೋರಿಸಲು ಆದರೆ ಸುಮ್ಮನಾಗುತ್ತದೆ. ಅಷ್ಟು ಬುದ್ಧಿ ಅದಕ್ಕೆ ಇದೆ.

ನನ್ನ ಕೋಡಿನಲ್ಲಿ ಪ್ಯಾಕೆಟ್ ಬಂತೋ ಇಲ್ಲವೋ ಹೇಳುವ 'ಬಂದಿದೆ' ಅನ್ನುವುದು ಗ್ಲೋಬಲ್ ವೇರಿಯಬಲ್ ಆಗಿತ್ತು, ಅಂದರೆ ಯಾವ ಫಂಕ್ಷನ್ ಬೇಕಾದರೂ ಅದನ್ನು ಬದಲಿಸಬಹುದು. ನಡುವೆ 'ಗಡಿಯಾರ ಸರಿಮಾಡು' ಅನ್ನುವ ಫಂಕ್ಷನ್ ಇತ್ತು, ಅದು ಬೇರೆ ಫೈಲಿನಲ್ಲಿ. ಆ ಫಂಕ್ಷನ್ ಒಳಗೆ ಹೋಗಿ ಬರುವಷ್ಟರಲ್ಲಿ 'ಬಂದಿದೆ' ಬದಲಾಗಿರಬಹುದಲ್ಲ? ಬದಲಾಗುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೆ ಹೇಗೆ ಗೊತ್ತಾಗಬೇಕು? ಸಾಗರದಿಂದ ಬಂದವನು ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ತೀರ್ಥಹಳ್ಳಿಯವನಾಗಿರಬಹುದು ಅನ್ನುವ ಅನುಮಾನ ಅದರದ್ದು. ಸುಳ್ಳು ವಾರ್ನಿಂಗ್ ಅಂತ ನಾವು ಬೈಯುವ ಎಷ್ಟೋ ಕಡೆ ಅದು ಕೇಳುತ್ತಿರುವುದು ನ್ಯಾಯವಾದ ಪ್ರಶ್ನೆ. ನಾನು ಅವತ್ತೇ 'ಬಂದಿದೆ'ಯನ್ನು ಒಂದು ಲೋಕಲ್ ವೇರಿಯಬಲ್‌ಗೆ ನಕಲು ಮಾಡಿಕೊಂಡಿದ್ದರೆ ಸಾಕಿತ್ತು. ವಾರ್ನಿಂಗ್ ತಾನಾಗಿ ಹೋಗುತ್ತಿತ್ತು. ಮರುವರ್ಷ ತಪ್ಪು ಮಾಡಿದಾಗ ತಾನಾಗಿ ಬರುತ್ತಿತ್ತು.

ಪೂರ್ತಿ ನಿಖರವಾದ ವಾರ್ನಿಂಗ್ ಯಾರೂ ಮಾಡಲಾರರು. ಟ್ಯೂರಿಂಗ್ 1936ರಲ್ಲೇ ತೋರಿಸಿದ ಮಿತಿ ಅದು. ಪ್ರೋಗ್ರಾಮ್ ಯಾವ ದಾರಿ ಹಿಡಿಯುತ್ತದೆ ಅಂತ ಓಡಿಸದೆ ಎಲ್ಲಾ ಸಂದರ್ಭದಲ್ಲೂ ಹೇಳುವ ಉಪಾಯ ಇಲ್ಲ. ಹಾಗಾಗಿ ಕಂಪೈಲರ್ ಕೆಲವು ಸಲ ಸುಮ್ಮನೆ ಕೂಗುತ್ತದೆ, ಕೆಲವು ಸಲ ಕೂಗಬೇಕಾದಾಗ ಸುಮ್ಮನಿರುತ್ತದೆ.

ಎರಡನೇದು ಹೆಚ್ಚು ಮೋಸ. ಅದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಬೆಲೆ ಕೊಡದ ವೇರಿಯಬಲ್ ಅಂದರೆ ಕೊಡವದ ಗೋಣಿಚೀಲ. ಹೋದ ಸಲ ಏನು ತುಂಬಿದ್ದರೋ ಅದರ ಚೂರು ತಳದಲ್ಲಿ ಇರುತ್ತದೆ. ಇದು ನಮಗೆಲ್ಲ ಗೊತ್ತಿರುವ ಚಿತ್ರ. ಆದರೆ ಸಿ ಭಾಷೆಯ ನಿಯಮ ಇನ್ನೂ ವಿಚಿತ್ರ. ಅಂಥ ಚೀಲವನ್ನು ನೀವು ಬಿಚ್ಚುವುದೇ ಇಲ್ಲ ಅಂತ ಆಪ್ಟಿಮೈಸರ್, ಅಂದರೆ ಕೋಡನ್ನು ಚುರುಕುಗೊಳಿಸುವ ಕಂಪೈಲರಿನ ಭಾಗ, ನಂಬಿಕೊಳ್ಳಬಹುದು. ಅಡಿಕೆ ಮಂಡಿಯಲ್ಲಿ ಒಬ್ಬ ಗುಮಾಸ್ತ ಇದ್ದಾನೆ ಅನ್ನಿ. ಎರಡು ಚೀಲ ಬಂತು. ಒಂದರ ಮೇಲೆ 'ರಾಶಿ ಇಡಿ' ಅಂತ ಚೀಟಿ, ಇನ್ನೊಂದರ ಮೇಲೆ ಏನೂ ಇಲ್ಲ. ಒಳಗಿರುವುದು ಬೇರೆ ತರದ ಅಡಿಕೆ, ಗೊರಬಲೋ ಬೆಟ್ಟೆಯೋ, ಯಾರಿಗೆ ಗೊತ್ತು. ಗುಮಾಸ್ತ ಏನು ಮಾಡುತ್ತಾನೆ? 'ಚೀಟಿ ಇಲ್ಲದ ಚೀಲ ಯಾರೂ ತರುವುದಿಲ್ಲ' ಅಂದುಕೊಂಡು ಎರಡನ್ನೂ ರಾಶಿ ಇಡಿ ಅಂತ ಬರೆದುಕೊಳ್ಳುತ್ತಾನೆ. ಆಮೇಲೆ ಪುಸ್ತಕ ಪರೀಕ್ಷೆಗೆ ಬಂದವನಿಗೆ ಚೀಟಿ ಇಲ್ಲದ ಚೀಲ ಒಂದೂ ಕಾಣುವುದಿಲ್ಲ.

ಜಿಸಿಸಿಯಲ್ಲಿ ಬಹಳ ವರ್ಷ ಜನ ಗೊಣಗಿದ್ದು ಇದೇ ವಿಷಯಕ್ಕೆ. 'ಷರತ್ತು ನಿಜವಾದರೆ ಎಕ್ಸ್ = 3, ಆಮೇಲೆ ಎಕ್ಸ್ ವಾಪಸ್ ಕೊಡು' ಅಂತ ಬರೆದರೆ, ಇನ್ನೊಂದು ದಾರಿಯಲ್ಲೂ 3 ಅಂದುಕೊಂಡುಬಿಡುತ್ತಿತ್ತು. ಷರತ್ತೇ ಮಾಯ, ವಾರ್ನಿಂಗೂ ಮಾಯ. ಕಾರಣ ಇಷ್ಟೇ, ಜಿಸಿಸಿ ಈ ತಪಾಸಣೆ ಮಾಡುವುದು ಆಪ್ಟಿಮೈಸರ್ ಜೊತೆಜೊತೆಯಲ್ಲಿ. ಆಪ್ಟಿಮೈಸರ್ ಇದ್ದರೆ ದಾರಿಗಳು ಚೆನ್ನಾಗಿ ಕಾಣುತ್ತವೆ, ಆದರೆ ಕೆಲವು ಸಾಕ್ಷಿ ಮೊದಲೇ ಅಳಿಸಿಹೋಗಿರುತ್ತವೆ. ಆಪ್ಟಿಮೈಸೇಶನ್ ಇಲ್ಲದೆ ಓ-ಸೊನ್ನೆಯಲ್ಲಿ ಕಂಪೈಲ್ ಮಾಡಿದರೆ 'ಮೇ ಬಿ' ವಾರ್ನಿಂಗ್ ಬರುವುದೇ ಇಲ್ಲ ಅಂದುಕೊಳ್ಳಿ. ಲ್ಯಾಬಿನಲ್ಲಿ ನೀವು ಕಂಪೈಲ್ ಮಾಡುವುದು ಹೇಗೆ? ಹಾಗೇ ಅಲ್ವಾ? ವಾರ್ನಿಂಗ್ ಬರಲಿಲ್ಲ, ಕೋಡು ಶುದ್ಧ ಅಂತ ಮನೆಗೆ ಹೋಗುತ್ತೀರಿ.

ಆರ್ಡುಯಿನೋ ಬಳಸುವವರಿಗೆ ಇನ್ನೊಂದು ಮಾತು. ಅದರ ಎಡಿಟರ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ಕಂಪೈಲರ್ ವಾರ್ನಿಂಗ್ಸ್ ಅಂತ ಒಂದು ಆಯ್ಕೆ ಇದೆ. ಹಾಕಿಕೊಂಡ ಮೊದಲ ದಿನ ಅದು 'ನನ್', ಅಂದರೆ ಒಂದೂ ಬೇಡ, ಅಂತ ಇರುತ್ತದೆ. ಇವತ್ತು ಮನೆಗೆ ಹೋಗಿ 'ಆಲ್' ಮಾಡಿ ನೋಡಿ. ಎಷ್ಟು ಸಾಲು ಬರುತ್ತದೆ ಅಂತ ನನಗೆ ಹೇಳಬೇಡಿ.

ಸಾಲಿನ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಒಂದು ಫಂಕ್ಷನ್ ಇನ್ನೊಂದರೊಳಗೆ ಕರಗಿಹೋದ ಮೇಲೆ ತಪಾಸಣೆ ನಡೆಯುವುದರಿಂದ, ತಪ್ಪು ಇರುವುದು ಒಂದು ಕಡೆ, ಬೆರಳು ತೋರಿಸುವುದು ಇನ್ನೊಂದು ಕಡೆ. ಆದರೆ ಪದಗಳನ್ನು ಗಮನಿಸಿ. ಜಿಸಿಸಿ 4.7, ಅಂದರೆ 2012ರಿಂದ, 'ಈಸ್ ಯೂಸ್ಡ್' ಮತ್ತು 'ಮೇ ಬಿ ಯೂಸ್ಡ್' ಎರಡೂ ಬೇರೆ ಬೇರೆ ವಾರ್ನಿಂಗ್. ಮೊದಲನೇದು ಬಂದರೆ ವಾದ ಮಾಡಬೇಡಿ.

ಈ ಬಾಯಿ ಮುಚ್ಚಿಸುವ ಚಟ ನಮ್ಮಂಥವರಿಗೆ ಮಾತ್ರ ಅಂದುಕೊಂಡಿರಾ? ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆಂದೇ ಒಂದು ಮ್ಯಾಕ್ರೋ ಇತ್ತು. ಅದು ಮಾಡುತ್ತಿದ್ದುದು 'ಎಕ್ಸ್ = ಎಕ್ಸ್'. ತನಗೆ ತಾನೇ ಸಾಕ್ಷಿ. ಜಿಸಿಸಿ ಅದನ್ನು ನೋಡಿ ಸರಿ ಅಂತ ಸುಮ್ಮನಾಗುತ್ತಿತ್ತು. 2020ರಲ್ಲಿ ಕರ್ನಲ್ ಡೆವಲಪರ್ ಕೀಸ್ ಕುಕ್ ಕರ್ನಲ್ ಪೂರ್ತಿ ಹುಡುಕಿ ಅದನ್ನು ಕಿತ್ತುಹಾಕಿದರು. ಅದು ನಿಜವಾದ ತಪ್ಪುಗಳ ಮೇಲೂ ಸುಣ್ಣ ಬಳಿಯುತ್ತದೆ ಅನ್ನುವುದೇ ಕಾರಣ. ತಮಾಷೆ ಅಂದರೆ ಅದೇ 2020ರ ಮೇ ತಿಂಗಳಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಜಿಸಿಸಿಯ 'ಮೇ ಬಿ' ವಾರ್ನಿಂಗನ್ನು ಸಾಮಾನ್ಯ ಬಿಲ್ಡ್‌ನಲ್ಲಿ ಆಫ್ ಮಾಡಿದರು. ಸುಳ್ಳು ಕೂಗು ಅಷ್ಟು ಜಾಸ್ತಿಯಾಗಿತ್ತು. ಒಬ್ಬರು ಬಾಯಿ ಮುಚ್ಚಿಸುವ ಬಟ್ಟೆ ತೆಗೆದರು, ಇನ್ನೊಬ್ಬರು ಕಿವಿ ಮುಚ್ಚಿಕೊಂಡರು. ನನ್ನನ್ನು ಕೇಳಿದರೆ ಎರಡೂ ಸರಿ. ಕಿವಿಯಿಂದ ಕೈ ಯಾವಾಗ ಬೇಕಾದರೂ ತೆಗೆಯಬಹುದು, ಕೋಡಿನೊಳಗೆ ಬರೆದ ಸುಳ್ಳು ಅಲ್ಲೇ ಉಳಿಯುತ್ತದೆ.

ಇನ್ನು ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಕಥೆ. ಇದು ಕಂಪೈಲರ್ ಅಲ್ಲ, ವಾಲ್‌ಗ್ರೈಂಡ್ ಅನ್ನುವ ತಪಾಸಣೆ ಸಾಧನದ್ದು. ಆದರೆ ದೂರು ಅದೇ, ಬೆಲೆ ಕೊಡದ ಮೆಮೊರಿ ಓದುತ್ತಿದ್ದೀರಿ ಅಂತ. ಓಪನ್‌ಎಸ್‌ಎಸ್‌ಎಲ್ ಅನ್ನುವ ಗೂಢಲಿಪಿ ಲೈಬ್ರರಿಯಲ್ಲಿ ಗುಟ್ಟಿನ ಕೀ ಮಾಡಲು ಬೇಕಾದ ಗೊತ್ತುಗುರಿ ಇಲ್ಲದ ಸಂಖ್ಯೆ ತಯಾರಿಸುವ ಭಾಗ ಇದೆ. ಸಿಕ್ಕಿದ್ದನ್ನೆಲ್ಲ ಹಾಕಿ ಕಲಸುವ ಹಂಡೆ ಅದು. ಅದಕ್ಕೆ ಒಂದು ಕಡೆ ಕೊಡವದ ಚೀಲದ ಧೂಳನ್ನೂ ಹಾಕುತ್ತಿದ್ದರು, ಹೆಚ್ಚಿಗೆ ಕಲಬೆರಕೆಯಾಗಲಿ ಅಂತ. ವಾಲ್‌ಗ್ರೈಂಡ್ ದೂರಿತು. 2006ರಲ್ಲಿ ಡೆಬಿಯನ್‌ನವರು ಎರಡು ಕಡೆ ಒಂದೊಂದು ಸಾಲು ತೆಗೆದರು. ಒಂದು ಸಾಲು ಧೂಳು ಹಾಕುವುದು, ಹೋದರೆ ಹೋಗಲಿ. ಇನ್ನೊಂದು ನೋಡಲು ಹಾಗೇ ಇತ್ತು, ಆದರೆ ಹಂಡೆಗೆ ನಿಜವಾದ ಸಾಮಾನು ಬೀಳುತ್ತಿದ್ದುದೇ ಅದರಿಂದ. ಎರಡೂ ಹೋದ ಮೇಲೆ ಹಂಡೆಯಲ್ಲಿ ಉಳಿದಿದ್ದು ಪ್ರೊಸೆಸ್ ನಂಬರ್ ಒಂದೇ. ಅದು 32,768ರೊಳಗೆ. ಅಷ್ಟು ಕೀಗಳನ್ನು ಯಾರು ಬೇಕಾದರೂ ಮೊದಲೇ ಮಾಡಿ ಇಟ್ಟುಕೊಂಡು ಒಂದೊಂದೇ ತಿರುಗಿಸಿ ನೋಡಬಹುದು. 2008ರ ಮೇ ತನಕ ಇದು ಹಾಗೇ ಇತ್ತು. ಲೂಸಿಯಾನೋ ಬೆಲ್ಲೋ ಕಂಡುಹಿಡಿದರು. ಡೆಬಿಯನ್, ಉಬುಂಟು ಬಳಸುತ್ತಿದ್ದವರೆಲ್ಲ ಆ ಅವಧಿಯ ಕೀಗಳನ್ನು ಹೊಸದಾಗಿ ಮಾಡಬೇಕಾಯಿತು.

ವಾರ್ನಿಂಗ್ ಸುಳ್ಳಾಗಿರಲಿಲ್ಲ ನೋಡಿ. ಆ ಮೆಮೊರಿಗೆ ಬೆಲೆ ಕೊಟ್ಟಿರಲಿಲ್ಲ, ನಿಜ. ಆದರೆ ಅದನ್ನು ನಿಲ್ಲಿಸುವುದೇ ಕೆಲಸ ಅಂತ ಹೊರಟಾಗ, ಆ ಸಾಲು ಅಲ್ಲಿ ಯಾಕಿದೆ ಅನ್ನುವುದು ಹಿಂದೆ ಬಿತ್ತು.

ಹಾಗಾದರೆ ನಾನು ಈಗ ಏನು ಮಾಡುತ್ತೇನೆ ಅಂತ ಕೇಳುತ್ತೀರಿ. ಮೊದಲು ಎರಡು ಷರತ್ತನ್ನು ಒಂದು ಮಾಡಲು ಆಗುತ್ತಾ ನೋಡುತ್ತೇನೆ. ಮಳೆ ಲೆಕ್ಕ ಮಾಡಿದ ಜಾಗದಲ್ಲೇ ಬರೆದರೆ ಆಯಿತಲ್ಲ, ಗಡಿಯಾರ ಆಮೇಲೆ ನೋಡಿಕೊಂಡರೂ ನಡೆಯುತ್ತದೆ. ಹತ್ತರಲ್ಲಿ ಏಳೆಂಟು ಸಲ ಇದರಿಂದಲೇ ಮುಗಿಯುತ್ತದೆ, ಕೋಡೂ ಓದಲು ಚೆನ್ನಾಗಿರುತ್ತದೆ. ಆಗದಿದ್ದರೆ ಬೆಲೆಯ ಜೊತೆಗೆ 'ಅಳತೆ ಇದೆ, ಇಲ್ಲ' ಅನ್ನುವ ಗುರುತನ್ನೂ ಒಟ್ಟಿಗೆ ಸಾಗಿಸುತ್ತೇನೆ, ಅಜ್ಜನ ಅಡ್ಡಗೆರೆಯ ಹಾಗೆ. ಏನಾದರೂ ಒಂದು ಬೆಲೆ ಹಾಕಲೇಬೇಕು ಅಂದರೆ ಮಳೆಗೆ ಮೈನಸ್ ಒಂದು ಹಾಕುತ್ತೇನೆ. ಅದು ಹೊರಗೆ ಬಂದರೆ ಮಾವನಿಗೂ ಗೊತ್ತಾಗುತ್ತದೆ. ಮತ್ತೆ ಒಂದೇ ಕಂಪೈಲರ್ ನಂಬುವುದಿಲ್ಲ. ಕ್ಲ್ಯಾಂಗ್ ಅನ್ನುವ ಇನ್ನೊಂದು ಕಂಪೈಲರ್ ಈ ತಪಾಸಣೆಯನ್ನು ಆಪ್ಟಿಮೈಸರ್‌ಗಿಂತ ಮುಂಚೆಯೇ ಮಾಡುತ್ತದೆ. ಹಾಗಾಗಿ ಜಿಸಿಸಿಗೆ ಕಾಣದ್ದು ಅದಕ್ಕೆ, ಅದಕ್ಕೆ ಕಾಣದ್ದು ಜಿಸಿಸಿಗೆ. ವಾಲ್‌ಗ್ರೈಂಡ್‌ನಲ್ಲೂ ಒಮ್ಮೆ ಓಡಿಸುತ್ತೇನೆ, ನಿಧಾನ ಆದರೂ.

ಇಲ್ಲಿ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಈಗ ಕಂಪೈಲರೇ ಎಲ್ಲಕ್ಕೂ ಸೊನ್ನೆ ತುಂಬುವ ಆಯ್ಕೆ ಬಂದಿದೆಯಲ್ಲ, ಅದನ್ನು ಹಾಕಿಕೊಂಡರೆ ಆಗಲ್ವಾ? ಒಳ್ಳೆ ಪ್ರಶ್ನೆ. ಕ್ಲ್ಯಾಂಗ್‌ನಲ್ಲಿ ಮೊದಲು ಬಂತು, ಜಿಸಿಸಿ 12ರಲ್ಲಿ, ಅಂದರೆ 2022ರಲ್ಲಿ, ಅದೂ ಸೇರಿಸಿತು. ಹಾಕಿಕೊಳ್ಳಿ. ಚೀಲದ ತಳದ ಚೂರು ಕಳ್ಳರ ಕೈಗೆ ಸಿಗುವುದು ತಪ್ಪುತ್ತದೆ. ಒಂದು ಸೂಕ್ಷ್ಮ ಇದೆ. ಜಿಸಿಸಿ ಹೀಗೆ ತಾನೇ ಸೊನ್ನೆ ತುಂಬಿದರೂ, ವಾರ್ನಿಂಗ್ ಲೆಕ್ಕಕ್ಕೆ ಆ ವೇರಿಯಬಲ್ ಬೆಲೆ ಇಲ್ಲದ್ದು ಅಂತಲೇ ಇಟ್ಟುಕೊಳ್ಳುತ್ತದೆ. ಅಂದರೆ ಅಪಾಯಕ್ಕೆ ತಡೆಯೂ ಆಯಿತು, ಬಾಯಿಯೂ ತೆರೆದೇ ಇತ್ತು. ನಾನು ಕೈಯಾರೆ ಹಾಕಿದ ಸೊನ್ನೆಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಜಾವಾದವರೊಬ್ಬರು ನಮಗೆ ಈ ರಗಳೆಯೇ ಇಲ್ಲ ಅಂದರು. ಇದೆ. ಅಲ್ಲಿ ಅದು ವಾರ್ನಿಂಗ್ ಅಲ್ಲ, ಎರರ್. ಸೊನ್ನೆ ಹಾಕುವ ಮುಂಚಿನ ನನ್ನ ಕೋಡನ್ನು ಜಾವಾ ಕಂಪೈಲೇ ಮಾಡುತ್ತಿರಲಿಲ್ಲ. ಆಗ ನೀವು ಏನು ಮಾಡುತ್ತೀರಿ? ಸೊನ್ನೆ ಹಾಕುತ್ತೀರಿ. ಅವರು ನಕ್ಕು ಕೂತರು.

ಮಾತು ಮುಗಿದು ಕಾಫಿ ಕುಡಿಯುವಾಗ ಒಬ್ಬ ಹುಡುಗಿ ಲ್ಯಾಪ್‌ಟಾಪ್ ತಂದಳು. ಅಡಿಕೆ ದರ ತೋರಿಸುವ ಪ್ರಾಜೆಕ್ಟ್. 'ಸರ್, ಇದು ಖಂಡಿತ ಸುಳ್ಳು ವಾರ್ನಿಂಗ್. ದರ ಓದುವ ಫಂಕ್ಷನ್ ಯಾವಾಗಲೂ ಬೆಲೆ ತುಂಬಿಯೇ ತುಂಬುತ್ತದೆ' ಅಂದಳು. ಆಪ್ಟಿಮೈಸೇಶನ್ ಹಾಕಿ ಓ-ಎರಡರಲ್ಲಿ ಕಂಪೈಲ್ ಮಾಡಿದಾಗ ಮಾತ್ರ ಬರುತ್ತಿತ್ತು. ಇಬ್ಬರೂ ಕೂತು ಫಂಕ್ಷನ್ ಓದಿದೆವು. ನಾಲ್ಕನೇ ಸಾಲಿನಲ್ಲಿ, ಫೈಲ್ ತೆರೆಯದಿದ್ದರೆ ಮೈನಸ್ ಒಂದು ಕೊಟ್ಟು ವಾಪಸ್. ದರಕ್ಕೆ ಏನೂ ತುಂಬುವುದಿಲ್ಲ. ಕರೆದವರು ಆ ಮೈನಸ್ ಒಂದನ್ನು ನೋಡುವುದೂ ಇಲ್ಲ.

ಫೈಲಿನ ಹೆಸರು ಬದಲಿಸಿ, ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿ ಓಡಿಸಿದೆವು. ಕ್ವಿಂಟಲ್‌ಗೆ 21,954 ರೂಪಾಯಿ ಅಂತ ಬಂತು. ಇನ್ನೊಮ್ಮೆ ಓಡಿಸಿದರೆ 22,012. ಮತ್ತೊಮ್ಮೆ 21,871. ಅದು ಚೀಲದ ತಳದಲ್ಲಿ ಉಳಿದ ಒಂದು ಮೆಮೊರಿ ಅಡ್ರೆಸ್‌ನ ಅರ್ಧ ಭಾಗ. 64 ಬಿಟ್ ಲಿನಕ್ಸ್‌ನಲ್ಲಿ ಪ್ರೋಗ್ರಾಮಿನ ಅಡ್ರೆಸ್‌ಗಳು ಸಾಮಾನ್ಯವಾಗಿ ಹೆಕ್ಸಾದಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, 55 ಅಥವಾ 56ರಿಂದ ಶುರುವಾಗುತ್ತವೆ. ಅದರ ಮೇಲಿನ ಅರ್ಧವನ್ನು ಪೂರ್ಣಾಂಕ ಅಂತ ಓದಿದರೆ ಇಪ್ಪತ್ತೊಂದು ಇಪ್ಪತ್ತೆರಡು ಸಾವಿರದ ಆಸುಪಾಸು ಬೀಳುತ್ತದೆ. ನಾನು ಇದನ್ನೆಲ್ಲ ವಿವರಿಸುತ್ತಿರುವಾಗ ಹಿಂದೆ ನಿಂತು ನೋಡುತ್ತಿದ್ದ ಅವಳ ಅಪ್ಪ, ಅಡಿಕೆ ಬೆಳೆಗಾರರು, ಪರದೆಯ ಕಡೆ ಬಗ್ಗಿ ಹೇಳಿದರು: 'ಗೊರಬಲಿಗಾದ್ರೆ ಸರಿಯಾಗೇ ಇದೆಯಲ್ಲ.'